ಹೊತ್ತಿಗೆ ಸರಿಯಾಗಿ ಬರುತ್ತಿದ್ದ ಆಟ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಸಂಘದ ಹಳೆಯ ದಾಖಲೆಗಳ ಕುರಿತು ನಾಲ್ಕು ಮಾತಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ನಾನು ಜಪಾನಿನ ಒಂದು ಆಟದ ಯಂತ್ರದಿಂದ ಮಾತು ತೆಗೆಯುವೆನೆಂದು ಅವರು ಊಹಿಸಿರಲಾರರು. ಕೇಂದ್ರ ಸರ್ಕಾರದ ಕಡತಗಳ ನಡುವೆ ಮೂರು ದಶಕ ಕಳೆದ ನನಗೆ ವಿಡಿಯೊ ಆಟವೆಂಬುದು ಮಕ್ಕಳನ್ನು ಗದರಿಸಲು ಒದಗುವ ನೆಪ ಮಾತ್ರವಾಗಿತ್ತು. ಈ ವಿಷಯವನ್ನು ನನ್ನ ಗಮನಕ್ಕೆ ತಂದವಳು ನನ್ನ ಮಗಳು; ಹಾಗೆ ಗದರಿಸಿಕೊಂಡವಳೂ ಅವಳೇ.

1995ರ ಏಪ್ರಿಲ್ 23ರಂದು ನಿಂಟೆಂಡೊ ಸಂಸ್ಥೆಯು ಜಪಾನಿನಲ್ಲಿ ಸ್ಯಾಟೆಲಾವ್ಯೂ ಎಂಬ ಸೇವೆಯನ್ನು ಆರಂಭಿಸಿತು. ತನ್ನ ಸೂಪರ್ ಫ್ಯಾಮಿಕಾಮ್ ಯಂತ್ರದ ಅಡಿಗೆ ಒಂದು ಪೆಟ್ಟಿಗೆಯನ್ನು ಜೋಡಿಸಿ, ಉಪಗ್ರಹ ಪ್ರಸಾರವನ್ನು ಹಿಡಿಯುವ ಟ್ಯೂನರಿನಿಂದ ತಂತಿ ಎಳೆದರೆ ಆಟಗಳು ಆಕಾಶದಿಂದಲೇ ಬಂದಿಳಿಯುತ್ತಿದ್ದವು. ದೂರವಾಣಿಯ ಮೂಲಕ ಆಟಗಳನ್ನು ಕಳುಹಿಸುವ ಗೇಮ್‌ಲೈನ್ ಎಂಬ ಸೇವೆ ಅಮೆರಿಕದಲ್ಲಿ 1983ರಷ್ಟು ಹಿಂದೆಯೇ ಇತ್ತು. ಅದು ಬಹುಬೇಗ ಮುಳುಗಿತು. ಅದರ ಅವಶೇಷದಿಂದ ಅಮೆರಿಕ ಆನ್‌ಲೈನ್ ಎಂಬ ದೈತ್ಯ ಸಂಸ್ಥೆ ಎದ್ದುಬಂದದ್ದು ಬೇರೆಯೇ ಕಥೆ. ಆದರೆ ದೂರವಾಣಿ ಒಂದು ಮನೆಗೆ ಬರುವಂಥದು, ಪ್ರಸಾರ ಊರಿಗೆಲ್ಲ ಒಮ್ಮೆಗೇ ಬರುವಂಥದು. ನನ್ನ ಕುತೂಹಲ ಕೆರಳಿದ್ದು ಅಲ್ಲಿ.

ಈ ಪ್ರಸಾರವನ್ನು ನಡೆಸುತ್ತಿದ್ದುದು ಸೇಂಟ್ ಗಿಗಾ ಎಂಬ ಉಪಗ್ರಹ ಬಾನುಲಿ ಸಂಸ್ಥೆ. ಸಮುದ್ರದ ಉಬ್ಬರವಿಳಿತಗಳಿಗೆ ಅನುಸಾರವಾಗಿ ಸಂಗೀತವನ್ನೂ ಪ್ರಕೃತಿಯ ಸದ್ದುಗಳನ್ನೂ ಕೇಳಿಸುತ್ತಿದ್ದ ವಿಲಕ್ಷಣ ಸಂಸ್ಥೆಯದು. ಹೆಸರು ಬಂದಷ್ಟು ಹಣ ಬರಲಿಲ್ಲವಾಗಿ ನಿಂಟೆಂಡೊದ ಬಂಡವಾಳಕ್ಕೆ ಕೈಚಾಚಿತು.

ಯಂತ್ರವನ್ನು ಹಚ್ಚಿದೊಡನೆ ತೆರೆಯ ಮೇಲೆ ಒಂದು ಊರು ಮೂಡುತ್ತಿತ್ತು. ಬೀದಿಯಲ್ಲಿ ನಡೆದು ಒಂದೊಂದು ಕಟ್ಟಡವನ್ನು ಹೊಕ್ಕರೆ ಒಂದೊಂದು ಕಾರ್ಯಕ್ರಮ. ತನ್ನ ಹೆಸರನ್ನು ಕಳವಿಗೆ ಕೊಟ್ಟ ಊರಿನ ಕಥೆ ಎಂದು ಅದರ ಶೀರ್ಷಿಕೆಯ ಅರ್ಥ. ಪಡಿತರ ಚೀಟಿಯಲ್ಲಿ ತನ್ನ ಹೆಸರಿನ ಪಾಡನ್ನು ಕಂಡ ಹೊರನಾಡ ಕನ್ನಡಿಗನಿಗೆ ಈ ಶೀರ್ಷಿಕೆಯನ್ನು ವಿವರಿಸಬೇಕಾದ ಅಗತ್ಯವಿಲ್ಲ!

ಬಂದ ಆಟವನ್ನು ಒಂದು ಪುಟ್ಟ ಸ್ಮೃತಿಕೋಶದಲ್ಲಿ ಇಟ್ಟುಕೊಳ್ಳಬಹುದಾಗಿತ್ತು. ಅದರ ಸಾಮರ್ಥ್ಯ 8 ಮೆಗಾಬಿಟ್, ಎಂದರೆ 1 ಮೆಗಾಬೈಟ್ ಮಾತ್ರ. ಹೊಸದಕ್ಕೆ ಎಡೆ ಬೇಕಾದರೆ ಹಳೆಯದನ್ನು ಅಳಿಸಬೇಕು. ಕೆಲವು ಆಟಗಳನ್ನಂತೂ ಗೊತ್ತಾದಷ್ಟು ಸಲ ಮಾತ್ರ ಆಡಲು ಸಾಧ್ಯವಿತ್ತು.

ಎಲ್ಲಕ್ಕಿಂತ ವಿಶೇಷವಾದುದು ಸೌಂಡ್‌ಲಿಂಕ್ ಎಂಬ ಬಗೆ. ನಿಗದಿಯಾದ ಗಂಟೆಗೆ ಆಟ ಮೊದಲಾಗುತ್ತದೆ. ತೆರೆಯ ಮೇಲೆ ನೀವು ಆಡುತ್ತಿರುವಾಗಲೇ ನಟರ ಧ್ವನಿಯೂ ವಾದ್ಯಸಂಗೀತವೂ ಬಾನುಲಿಯಂತೆ ಮೇಲಿನಿಂದ ಬರುತ್ತಿರುತ್ತವೆ. ಇಂಥ ನಿಮಿಷದಲ್ಲಿ ಇಂಥದು ಸಂಭವಿಸಬೇಕೆಂದು ಗಡಿಯಾರ ಆಳುತ್ತಿರುತ್ತದೆ. ಜೆಲ್ಡಾ ಎಂಬ ಪ್ರಸಿದ್ಧ ಆಟದ ಒಂದು ರೂಪ 1995ರ ಆಗಸ್ಟ್ 6ರಿಂದ ನಾಲ್ಕು ವಾರ, ವಾರಕ್ಕೊಂದು ಕಂತಿನಂತೆ ಹೀಗೆ ಬಂತು. ಎಷ್ಟೋ ಮನೆಗಳಲ್ಲಿ ಒಬ್ಬರನ್ನೊಬ್ಬರು ಕಾಣದ ಮಕ್ಕಳು ಒಂದೇ ಧ್ವನಿಗೆ ಕಿವಿಗೊಟ್ಟು ಒಂದೇ ಆಟವನ್ನು ಆಡಿದರು. ಹೊತ್ತು ತಪ್ಪಿದವರಿಗೆ ಆ ಸಲದ ಆಟ ತಪ್ಪಿಹೋಯಿತು.

ಮಗಳು ಇದನ್ನು ಹೇಳುತ್ತಿದ್ದಾಗ ನನಗೆ ನೆನಪಾದದ್ದು ಧಾರವಾಡ ಕೇಂದ್ರದ ರಾತ್ರಿಯ ನಾಟಕ. ನಮ್ಮ ಓಣಿಯಲ್ಲಿ ರೇಡಿಯೊ ಇದ್ದ ಮನೆಯ ಜಗಲಿಯ ಮೇಲೆ ನಾವೆಲ್ಲ ಮುಂಚಿತವಾಗಿಯೇ ಸೇರುತ್ತಿದ್ದೆವು. 1935ರಲ್ಲಿ ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರು ಸ್ವಂತ ಆಸಕ್ತಿಯಿಂದ ಆರಂಭಿಸಿದ ಕೇಂದ್ರದ ಹೆಸರು, ಆಕಾಶವಾಣಿ, ಮುಂದೆ ದೇಶದ್ದೇ ಆಯಿತು. ಆ ರಾತ್ರಿಗಳಲ್ಲಿ ಕೇಳಿದ ಧ್ವನಿಗಳಲ್ಲಿ ಒಂದನ್ನಾದರೂ ಮತ್ತೆ ಕೇಳುವ ಯೋಗ ನನಗೆ ಬಂದಿಲ್ಲ.

1999ರಲ್ಲಿ ನಿಂಟೆಂಡೊ ಹಿಂದೆ ಸರಿಯಿತು. ಹಳೆಯ ಕಾರ್ಯಕ್ರಮಗಳ ಮರುಪ್ರಸಾರದಲ್ಲಿ ಉಸಿರು ಹಿಡಿದಿದ್ದ ಸೇವೆ 2000ದ ಜೂನ್ 30ರಂದು ನಿಂತಿತು. ಆಮೇಲೆ ನಡೆದದ್ದನ್ನು ದಯವಿಟ್ಟು ಗಮನಿಸಬೇಕು. ಹಳೆಯ ಸ್ಮೃತಿಕೋಶಗಳನ್ನು ಹುಡುಕಿ ಕೊಂಡು, ಅವುಗಳಲ್ಲಿ ಉಳಿದಿದ್ದುದನ್ನು ನಕಲು ಮಾಡಿ ಕಾಪಾಡಿದವರು ಖಾಸಗಿ ಹವ್ಯಾಸಿಗಳು. ಆದರೆ ಧ್ವನಿ ಆ ಕೋಶಗಳಲ್ಲಿ ಇರಲಿಲ್ಲ. ಅದು ಗಾಳಿಯಲ್ಲಿ ಬಂದು ಗಾಳಿಗೇ ಹೋಗಿತ್ತು. ಅಂದು ಯಾರೋ ಮನೆಯ ವಿಡಿಯೊ ಟೇಪಿನಲ್ಲಿ ತಮ್ಮ ಸಂತೋಷಕ್ಕೆಂದು ಹಿಡಿದಿಟ್ಟಿದ್ದರು. ಅಂಥ ಟೇಪುಗಳಿಂದಲೇ ಕೆಲವು ಆಟಗಳಿಗೆ ಧ್ವನಿ ಮರಳಿತು. ರ್‍ಯಾಡಿಕಲ್ ಡ್ರೀಮರ್ಸ್ ಎಂಬ 1996ರ ಆಟವೊಂದು ಇದೇ ಸೇವೆಯಲ್ಲಿ ಮಾತ್ರ ಬಂದಿತ್ತು. ಅದರ ಕಂಪನಿಯೇ ಅದನ್ನು ಮತ್ತೆ ಹೊರತಂದದ್ದು 2022ರಲ್ಲಿ. ಉಳಿದ ಎಷ್ಟೋ ಆಟಗಳಿಗೆ ಆ ಅದೃಷ್ಟವಿರಲಿಲ್ಲ.

ಇನ್ನು ನನ್ನದೇ ಒಂದು ತಪ್ಪೊಪ್ಪಿಗೆ. ಹಿಂದೆ ನಾನಿದ್ದ ಇನ್ನೊಂದು ನಗರದ ಸಂಘದಲ್ಲಿ ನಾನು ಕಾರ್ಯದರ್ಶಿಯಾಗಿದ್ದೆ. ಬಾಡಿಗೆಯ ಕೊಠಡಿ ಬಿಡಬೇಕಾಗಿ ಬಂದಾಗ ರಾಜ್ಯೋತ್ಸವ ನಾಟಕಗಳ ಎರಡು ಪೆಟ್ಟಿಗೆ ಕ್ಯಾಸೆಟ್ಟುಗಳು ಹೊರಬಿದ್ದವು. ಬೂಷ್ಟು ಹಿಡಿದಿವೆ, ಕೇಳುವವರಾದರೂ ಯಾರು ಎಂದು ಕಚೇರಿಯ ಧಾಟಿಯಲ್ಲೇ ವಿಲೇವಾರಿ ಮಾಡಿಸಿದೆ. ತಿಂಗಳಾದ ಮೇಲೆ ತಾಯಿಯೊಬ್ಬರು ಬಂದು, ತೀರಿಕೊಂಡ ತಮ್ಮ ಯಜಮಾನರು ಪಾತ್ರ ವಹಿಸಿದ್ದ ನಾಟಕದ ಧ್ವನಿ ಸಿಗಬಹುದೇ ಎಂದು ಕೇಳಿದರು. ಹುಡುಕಿಸುತ್ತೇನೆ ಎಂದು ಸುಳ್ಳು ಹೇಳಿದೆ. ಅವರು ಮತ್ತೆ ಎರಡು ಸಲ ಬಂದರು.

ಆದುದರಿಂದ ನನ್ನ ವಿನಂತಿ ಸಣ್ಣದು. ನಿಮ್ಮ ಮನೆಯ ಅಟ್ಟದಲ್ಲಿ ನಮ್ಮ ಸಂಘದ ನಾಟಕ, ಗಮಕ, ಭಾಷಣಗಳ ಕ್ಯಾಸೆಟ್ಟು ಯಾವುದಿದ್ದರೂ, ಬೂಷ್ಟು ಹಿಡಿದಿದ್ದರೂ ಸರಿಯೇ, ತಂದುಕೊಡಿ. ಭಾನುವಾರಗಳಂದು ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಾನು ಸಂಘದ ಕಚೇರಿಯಲ್ಲಿ ಇರುತ್ತೇನೆ. ನನ್ನ ಹಳೆಯ ಟೇಪ್‌ರೆಕಾರ್ಡರ್ ಇನ್ನೂ ನಡೆಯುತ್ತದೆ. ಅದರ ಧ್ವನಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಮಗಳು ಒಪ್ಪಿಕೊಂಡಿದ್ದಾಳೆ.