ಸೇಯಿಂಗ್ ಎಂದರೆ ನಮ್ಮ ಗಾದೆಮಾತು



ಇಂಗ್ಲಿಷ್ ಬರಲ್ಲವೆಂದು ಪಿಯುಸಿ ವಿಜ್ಞಾನ ಬಿಡಬೇಡಿ. 'ಸೇ' ಎಂದರೆ ಹೇಳು, 'ಸೇಯಿಂಗ್' ಹೇಳುವಿಕೆ. ಕನ್ನಡ ಮೇಷ್ಟ್ರು ಕಲಿಸುವ ಕೃದಂತ ಭಾವನಾಮವೇ ಇದು. ಮೊದಲಲ್ಲಿ 'ಎ' ಬಂದರೆ ಒಂದು ಗಾದೆ, ಕೊನೆಗೆ 'ಎಸ್' ಸೇರಿದರೆ ಗಾದೆಗಳು. 'ಈಸ್ ಸೇಯಿಂಗ್' ಅಂದಾಗ ಮಾತ್ರ ಕ್ರಿಯಾಪದ: ಹೇಳುತ್ತಿದ್ದಾನೆ. ನಾವು 'ಎಂಬ ಗಾದೆಯಂತೆ' ಅನ್ನುವಲ್ಲಿ ಅವರದು 'ಆಸ್ ದ ಸೇಯಿಂಗ್ ಗೋಸ್'. ಅವರ ಗಾದೆ ನಡೆದುಹೋಗುತ್ತದೆ, ನಮ್ಮದು ಊರಕಟ್ಟೆಯಲ್ಲೇ ಕೂತಿರುತ್ತದೆ!

1973ರಲ್ಲಿ ಎ.ಕೆ. ರಾಮಾನುಜನ್ ಶರಣರ ವಚನಗಳನ್ನು 'ಸ್ಪೀಕಿಂಗ್ ಆಫ್ ಶಿವ' ಎಂದು ಇಂಗ್ಲಿಷಿಗೆ ತಂದರು. ವಚನಕ್ಕೆ ಅವರು ಹೇಳಿದ ಅರ್ಥವೂ 'ಸೇಯಿಂಗ್'. ಆದರೂ ಪುಸ್ತಕದಲ್ಲಿ 'ವಚನ' ಎಂಬ ನಮ್ಮ ಪದವನ್ನೇ ಉಳಿಸಿಕೊಂಡರು.

ಸಂಜೆಯವರೆಗೂ ಇಲ್ಲೇ ಇರುತ್ತೇನೆ. ಅನುಮಾನವಿದ್ದವರು ಪುಸ್ತಕ ಹಿಡಿದು ಬನ್ನಿ.