ಕಾಯದ ಗುರುತೂ ಕಾಯಿದೆಯ ಗುರುತೂ



ಲಿಂಗವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಭಕ್ತರು ಕರಸ್ಥಲದಲ್ಲಿ ಪೂಜಿಸುವ ಇಷ್ಟಲಿಂಗವು ಒಂದು. ಹೆಣ್ಣು ಗಂಡೆಂದು ಸರಕಾರವು ದಫ್ತರದಲ್ಲಿ ಬರೆದುಕೊಳ್ಳುವ ಗುರುತು ಇನ್ನೊಂದು. ಮೊದಲನೆಯದು ಧರಿಸುವವರಲ್ಲಿ ಸ್ತ್ರೀಪುರುಷಭೇದವನ್ನು ಎಣಿಸದು; ಎರಡನೆಯದಾದರೋ ಆ ಭೇದದ ಮೇಲೆಯೇ ನಿಂತಿರುವುದು. ಹಾಗಾದರೆ ಈ ಎರಡು ಪಂಗಡಗಳಿಗೂ ಸೇರದವರ ಗತಿಯೇನು?

1871ನೆಯ ಇಸವಿಯಲ್ಲಿ ಆಂಗ್ಲ ಸರಕಾರವು ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಎಂಬ ಕಾಯಿದೆಯನ್ನು ಮಾಡಿತು. ಅದರ ಎರಡನೆಯ ಭಾಗವು ಉತ್ತರ ಹಿಂದುಸ್ಥಾನದ ಪ್ರಾಂತಗಳ ಹಿಜಡರನ್ನು ಕುರಿತದ್ದು. ಮಕ್ಕಳನ್ನು ಅಪಹರಿಸುವರೆಂಬ ಮೊದಲಾದ ಸಂಶಯಕ್ಕೆ ಗುರಿಯಾದವರ ಹೆಸರುಗಳನ್ನು ಪಟ್ಟಿಯಲ್ಲಿ ಬರೆಯುವುದು ಅದರ ಕ್ರಮ. ಪಟ್ಟಿಗೆ ಸೇರಿದವರು ಸ್ತ್ರೀವೇಷದಿಂದ ಬೀದಿಯಲ್ಲಿ ಕಾಣಿಸಿಕೊಂಡರೆ, ಬಹಿರಂಗವಾಗಿ ಕುಣಿದರೆ, 2 ವರ್ಷಗಳವರೆಗೆ ಸೆರೆಮನೆ. ಮೃತ್ಯುಪತ್ರವನ್ನು ಬರೆಯುವ ಅಧಿಕಾರವೂ ಅವರಿಗಿಲ್ಲ. ಮಾಡಿದ ತಪ್ಪಿಗಲ್ಲ, ಇರುವ ರೀತಿಗೇ ದಂಡನೆ!

ಇದು ಪರಕೀಯರ ಕೃತ್ಯವೆಂದು ಸಮಾಧಾನಪಡುವಂತಿಲ್ಲ. 2011ರಲ್ಲಿ ಕರ್ನಾಟಕ ಪೋಲೀಸು ಕಾಯಿದೆಗೆ 36ಎ ಎಂಬ ಕಲಮು ಸೇರಿ, ಅಂಥದೇ ಪಟ್ಟಿಗೆ ಅವಕಾಶವಾಯಿತು. ಆಕ್ಷೇಪಣೆಗಳಾದ ತರುವಾಯವೇ ಆ ಜನರನ್ನು ಹೆಸರಿಸುವ ಶಬ್ದವು ಅಲ್ಲಿಂದ ತೊಲಗಿತು.

2014ನೆಯ ಇಸವಿ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ರಾಧಾಕೃಷ್ಣನ್ ಮತ್ತು ಸಿಕ್ರಿಯವರು, ತಾನು ಹೆಣ್ಣೋ ಗಂಡೋ ತೃತೀಯಲಿಂಗಿಯೋ ಎಂಬುದನ್ನು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ತೀರ್ಪಿತ್ತರು. ಅದಕ್ಕಾಗಿ ಶಸ್ತ್ರಚಿಕಿತ್ಸೆಯನ್ನು ಬಲವಂತಪಡಿಸಕೂಡದೆಂದೂ ಹೇಳಿದರು. 2019ರ ಅಧಿನಿಯಮವು ಆ ಹಕ್ಕನ್ನು ಒಪ್ಪಿಯೂ, ಪ್ರಮಾಣಪತ್ರಕ್ಕಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬೇಕೆಂದು ವಿಧಿಸಿತು. ತನ್ನ ಅಂತರಂಗಕ್ಕೆ ಪರರ ಮುದ್ರೆಯನ್ನು ಬೇಡುವ ಸಂಕಟವನ್ನು ಬೇಡಿದವರೇ ಬಲ್ಲರು. ಆದರೂ ಕಾಲವು ನಿಂತಿಲ್ಲ. 2021ರಲ್ಲಿ ಕರ್ನಾಟಕವು ರಾಜ್ಯದ ನೌಕರಿಗಳಲ್ಲಿ ಇವರಿಗೆ ಶೇಕಡಾ 1ರಷ್ಟು ಮೀಸಲಾತಿಯನ್ನಿತ್ತಿತು. ಅದೇ ವರ್ಷ ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರು ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು. ಒಂದು ಶಾಸನವು ಯಾವ ಕುಣಿತಕ್ಕೆ ಸೆರೆಮನೆಯನ್ನು ತೋರಿಸಿತ್ತೋ, ಅಂಥದೇ ಕುಣಿತಕ್ಕೆ ರಾಷ್ಟ್ರವು ತಲೆಬಾಗಿತು.

ಶರಣಬಂಧುಗಳೇ, ಒಳಗಿರುವ ಆತ್ಮನು ಹೆಣ್ಣೂ ಅಲ್ಲ, ಗಂಡೂ ಅಲ್ಲವೆಂಬುದನ್ನು ಜೇಡರ ದಾಸಿಮಯ್ಯನವರು ಶತಮಾನಗಳ ಹಿಂದೆಯೇ ಕಂಡಿದ್ದರು. ಆ ಕಾಣ್ಕೆಯ ವಾರಸುದಾರರಾದ ಭಕ್ತರ ಮನೆಗಳಲ್ಲಿಯೇ ಇಂಥ ಮಗುವೊಂದು ಹುಟ್ಟಿದರೆ, ಅದನ್ನು ಬೀದಿಗೆ ನೂಕುವುದು ಯಾವ ಧರ್ಮ? ಕಾಯಿದೆಯು ಆ ಮಗುವಿಗೆ ಪತ್ರವನ್ನು ಕೊಡಬಲ್ಲುದು, ನೌಕರಿಯನ್ನೂ ಕೊಡಬಲ್ಲುದು. ತಾಯಿಯ ಮಡಿಲನ್ನೂ ತಂದೆಯ ಮನೆಯ ಹೊಸ್ತಿಲನ್ನೂ ಕೊಡಲಾರದು. ಅವು ಭಕ್ತರು ಕೊಡಬೇಕಾದವುಗಳು. ಶ್ರೀಮಠದ ದಾಸೋಹದ ಪಂಕ್ತಿಯಲ್ಲಿ ಹಸಿದವರಿಂದ ಯಾರೂ ಪ್ರಮಾಣಪತ್ರವನ್ನು ಕೇಳುವುದಿಲ್ಲ. ಭಕ್ತರ ಮನೆಯ ಬಾಗಿಲುಗಳೂ ಹಾಗೆಯೇ ತೆರೆದಿರಲಿ.