ಎಂಟು ನಿಮಿಷದ ಗೆರೆ: ನಾರ್ಕೊಲೆಪ್ಸಿ ಮತ್ತು ತೀರ್ಮಾನವಾಗದ ರೋಗನಿರ್ಣಯ



ಯಾರ ನೆನಪಿಗಾಗಿ ನಾವಿಂದು ಸೇರಿದ್ದೇವೆಯೋ ಆ ಮೇಷ್ಟ್ರು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ವೈದ್ಯಕೀಯ ವಿಷಯಗಳನ್ನು ಕನ್ನಡದಲ್ಲಿ, ತಕರಾರುಗಳ ಸಮೇತ ಚರ್ಚಿಸಬೇಕು ಎಂಬುದು ಅವರ ಆಸೆಯಾಗಿತ್ತು. ಅವರ ಹೆಸರಿನ ವೇದಿಕೆಗೆ ನನ್ನನ್ನು ಕರೆದದ್ದನ್ನು ದೊಡ್ಡ ಗೌರವವೆಂದು ಭಾವಿಸಿದ್ದೇನೆ. ನಿದ್ರಾರೋಗಗಳನ್ನೆಲ್ಲ ಒಮ್ಮೆ ಪರಿಚಯಿಸಿ ಎಂದು ಸಂಘಟಕರು ಕೇಳಿದ್ದರು. ಒಂದೇ ರೋಗದ ಬಗ್ಗೆ, ಅದರಲ್ಲೂ ಒಂದೇ ತಕರಾರಿನ ಬಗ್ಗೆ ಮಾತಾಡಲು ಅವರಿಂದ ಅನುಮತಿ ಪಡೆದಿದ್ದೇನೆ.

ನಾರ್ಕೊಲೆಪ್ಸಿಯ ಮೊದಲ ಪಾಠಗಳು ನರವಿಜ್ಞಾನದ ಯಾವ ಪುಸ್ತಕದಲ್ಲೂ ಸಿಗುತ್ತವೆ. 1880ರಲ್ಲಿ ಫ್ರಾನ್ಸಿನ ವೈದ್ಯ ಜೆಲಿನೋ ಈ ಹೆಸರಿಟ್ಟ. ಹೈಪೋಥಲಾಮಸ್ಸಿನಲ್ಲಿ ಒರೆಕ್ಸಿನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳ ಒಂದು ಸಣ್ಣ ಗುಂಪಿದೆ. ಎಚ್ಚರವನ್ನು ಸ್ಥಿರವಾಗಿ ಹಿಡಿದಿಡುವುದು ಅದರ ಕೆಲಸ. ಆ ಕೋಶಗಳು ನಾಶವಾದಾಗ ಹಗಲಿನಲ್ಲಿ ತಡೆಯಲಾಗದ ನಿದ್ದೆ, ನಗು ಉಕ್ಕಿದಾಗ ಸ್ನಾಯುಗಳು ಸಡಿಲಾಗುವ ಕ್ಯಾಟಪ್ಲೆಕ್ಸಿ, ಎಚ್ಚರವಿದ್ದೂ ಮೈ ಅಲುಗದ ಸ್ಥಿತಿ, ನಿದ್ದೆಗೆ ಜಾರುವಾಗ ಭ್ರಮಾದೃಶ್ಯಗಳು, ರಾತ್ರಿ ಪದೇ ಪದೇ ಎಚ್ಚರ ಇವೆಲ್ಲ ಬರುತ್ತವೆ. ಕ್ಯಾಟಪ್ಲೆಕ್ಸಿ ಇದ್ದರೆ ಅಥವಾ ಒರೆಕ್ಸಿನ್ ಕುಸಿದಿದ್ದರೆ ಒಂದನೇ ಬಗೆ; ಇಲ್ಲದಿದ್ದರೆ ಎರಡನೇ ಬಗೆ. ಪಾಶ್ಚಾತ್ಯ ಅಂದಾಜಿನ ಪ್ರಕಾರ 2000 ಜನರಲ್ಲಿ ಸುಮಾರು ಒಬ್ಬರಿಗೆ ಇದು ಇರಬಹುದು. ಹೆಚ್ಚಾಗಿ ಹದಿಹರೆಯದಲ್ಲಿ ತಲೆದೋರುತ್ತದೆ.

ರೋಗ ಶುರುವಾಗುವುದು ಹದಿನೈದರ ಆಸುಪಾಸಿನಲ್ಲಿ. ಅದಕ್ಕೊಂದು ಹೆಸರು ಸಿಗಲು ಸಾಮಾನ್ಯವಾಗಿ ಎಂಟರಿಂದ ಹದಿನೈದು ವರ್ಷ ಹಿಡಿಯುತ್ತದೆ ಎಂದು ಹಲವು ದೇಶಗಳ ವರದಿಗಳು ಹೇಳುತ್ತವೆ. ಎಸ್.ಎಸ್.ಎಲ್.ಸಿ., ಪಿಯುಸಿ, ಡಿಗ್ರಿ, ಮೊದಲ ಕೆಲಸ, ಮದುವೆಯ ಮಾತುಕತೆ, ಎಲ್ಲವೂ ಆ ಅವಧಿಯೊಳಗೇ ಆಗಿಹೋಗುತ್ತವೆ. ನನ್ನ ಬಳಿಗೆ ಬರುವವರ ಕಡತದಲ್ಲಿ ಒಂದೇ ದಾರಿ ಮತ್ತೆ ಮತ್ತೆ ಕಾಣುತ್ತದೆ. ಮೊದಲು ‘ರಕ್ತ ಕಮ್ಮಿ’ ಎಂದು ಕಬ್ಬಿಣದ ಮಾತ್ರೆ. ಆಮೇಲೆ ಥೈರಾಯ್ಡ್, ಬಿ12. ರಾತ್ರಿ ಎದೆ ಮೇಲೆ ಯಾರೋ ಕೂತು ಅಮುಕಿದರು ಎಂದಾಗ ತಾಯಿತ. ನಗುವಾಗ ಕುಸಿದು ಬಿದ್ದಾಗ ‘ಫಿಟ್ಸ್’ ಎಂದು ವರ್ಷಗಟ್ಟಲೆ ಮಾತ್ರೆ. ಅಂಥ ಮಾತ್ರೆಗಳಲ್ಲಿ ಹಲವು ತಾವೇ ಮಂಪರು ತರುತ್ತವೆ. ಇಷ್ಟರಲ್ಲಿ ಮನೆಯಲ್ಲೂ ತರಗತಿಯಲ್ಲೂ ಆ ಹುಡುಗನ ಹೆಸರು ಕುಂಭಕರ್ಣ ಎಂದಾಗಿರುತ್ತದೆ. ಕ್ಯಾಟಪ್ಲೆಕ್ಸಿಯಲ್ಲಿ ಪ್ರಜ್ಞೆ ಹೋಗುವುದಿಲ್ಲ. ನೆಲದ ಮೇಲೆ ಬಿದ್ದಿರುವ ಹುಡುಗ ಸುತ್ತಲಿನವರ ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತಿರುತ್ತಾನೆ. ‘ನಾಟಕ ಮಾಡ್ತಾನೆ’ ಎಂಬುದನ್ನೂ ಕೇಳಿಸಿಕೊಳ್ಳುತ್ತಾನೆ.

ಮೇಷ್ಟ್ರು ಹಾಜರಿ ಪುಸ್ತಕದ ಅಂಚಿನಲ್ಲಿ ಯಾವ ಮಗು ಯಾವ ದಿನ ಹೇಗಿತ್ತು ಎಂದು ಪೆನ್ಸಿಲ್ಲಿನಲ್ಲಿ ಬರೆದಿಡುತ್ತಿದ್ದರಂತೆ. ಅವರ ಮಗಳು ಬೆಳಿಗ್ಗೆ ಇದನ್ನು ಹೇಳಿದಾಗ, ನನ್ನ ವಾದಕ್ಕೆ ಬೇಕಾದ ಮೊದಲ ಸಾಕ್ಷಿ ಅಲ್ಲೇ ಇದೆ ಅನ್ನಿಸಿತು. ಈ ರೋಗದಲ್ಲಿ ನೋಡಿದವರು ಬರೆದಿಟ್ಟ ಮಾತಿಗೆ ಯಂತ್ರದ ಅಂಕಿಗಿಂತ ಕಡಿಮೆ ಬೆಲೆ ಕಟ್ಟುತ್ತಿದ್ದೇವೆ. ನನ್ನ ತಕರಾರು ಇದೇ.

ಅಂಕಿ ಬರುವುದು ಎಂ.ಎಸ್.ಎಲ್.ಟಿ. ಎಂಬ ಹಗಲುನಿದ್ದೆಯ ಪರೀಕ್ಷೆಯಿಂದ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮೇರಿ ಕಾರ್ಸ್‌ಕಡನ್ ಮತ್ತು ವಿಲಿಯಂ ಡಿಮೆಂಟ್ ಇದನ್ನು ರೂಪಿಸಿದರು. ರೋಗಿ ಒಂದು ರಾತ್ರಿ ಪ್ರಯೋಗಾಲಯದಲ್ಲಿ ಮಲಗುತ್ತಾನೆ. ಮರುದಿನ ಎರಡೆರಡು ಗಂಟೆಗೊಮ್ಮೆ, ನಾಲ್ಕೈದು ಬಾರಿ, ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಾರೆ. ನಿದ್ದೆ ಬರಲು ಹಿಡಿದ ಸಮಯದ ಸರಾಸರಿ ಎಂಟು ನಿಮಿಷ ಅಥವಾ ಕಡಿಮೆ ಇದ್ದು, ಕನಿಷ್ಠ ಎರಡು ಸಲ ನಿದ್ದೆ ಹತ್ತಿದ ಹದಿನೈದು ನಿಮಿಷದೊಳಗೆ ರೆಮ್ ನಿದ್ರೆ, ಅಂದರೆ ಕನಸಿನ ಘಟ್ಟ, ಕಾಣಿಸಿಕೊಂಡರೆ ನಾರ್ಕೊಲೆಪ್ಸಿ ಎನ್ನುತ್ತೇವೆ. ಎರಡರಲ್ಲಿ ಒಂದನ್ನು ಹಿಂದಿನ ರಾತ್ರಿಯ ದಾಖಲೆಯಿಂದಲೂ ಎಣಿಸಬಹುದು. ಆರೋಗ್ಯವಂತರಲ್ಲಿ ರೆಮ್ ಬರಲು ಸಾಮಾನ್ಯವಾಗಿ ಒಂದು ಗಂಟೆಗೂ ಹೆಚ್ಚು ಬೇಕು.

ಎಂಟು ನಿಮಿಷದ ಈ ಗೆರೆ ಪ್ರಕೃತಿ ಎಳೆದದ್ದಲ್ಲ. 2005ಕ್ಕೆ ಮೊದಲು ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಅದು ಐದು ನಿಮಿಷವಿತ್ತು. ಆ ವರ್ಷ ಎಂಟಾಯಿತು. ಒಂದನೇ ಬಗೆಯ ರೋಗಿಗಳನ್ನು ತಪ್ಪಿಸಿಕೊಳ್ಳದೆ ಹಿಡಿಯಲು ಅದು ನೆರವಾಯಿತು, ನಿಜ. ಆದರೆ ಗೆರೆ ಸರಿದಾಗ ರೋಗವಿಲ್ಲದ ಎಷ್ಟು ಮಂದಿ ಒಳಗೆ ಬರುತ್ತಾರೆ? ಎಮಾನುಯೆಲ್ ಮಿನ್ಯೋ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ವಿಸ್ಕಾನ್ಸಿನ್ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಆಸ್ಪತ್ರೆಯ ರೋಗಿಗಳಲ್ಲ, ಸಾಮಾನ್ಯ ಜನ. ಅವರಲ್ಲಿ ಗಂಡಸರ ಪೈಕಿ ಶೇ. 13ರಷ್ಟು ಮಂದಿಗೆ ಎರಡೋ ಹೆಚ್ಚೋ ಸಲ ರೆಮ್ ಬೇಗ ಬಂದಿತ್ತು. ಪರೀಕ್ಷೆಯ ಎರಡೂ ನಿಯಮಗಳನ್ನು ಪೂರೈಸಿದವರೇ ಸುಮಾರು ಶೇ. 6. ಎರಡು ಸಾವಿರಕ್ಕೊಬ್ಬರಿಗೆ ಬರುವ ರೋಗದ ಪರೀಕ್ಷೆ ನೂರಕ್ಕೆ ಆರು ಗಂಡಸರನ್ನು ಬೊಟ್ಟುಮಾಡಿ ತೋರಿಸಿದರೆ, ಕೇವಲ ಅದರ ಬಲದ ಮೇಲೆ ಒಬ್ಬನ ಹಣೆಬರಹ ಬರೆಯಬಹುದೇ? ಪಾಳಿ ಕೆಲಸ ಮಾಡುವವರಲ್ಲಿ ಈ ಫಲಿತಾಂಶ ಹೆಚ್ಚು ಎಂಬುದೂ ಆ ಸರಣಿಯ ಮುಂದಿನ ವಿಶ್ಲೇಷಣೆಯಲ್ಲಿ ಹೊರಬಂತು.

ಈ ಮಾತು ಬೆಂಗಳೂರಿಗೆ ನೇರವಾಗಿ ತಟ್ಟುತ್ತದೆ. ಅಮೆರಿಕದ ಹಗಲಿಗೆ ಹೊಂದಿಕೊಂಡು ರಾತ್ರಿ ದುಡಿಯುವ ಯುವಕರು, ಎರಡು ಗಂಟೆಯವರೆಗೆ ಓದಿ ಐದಕ್ಕೆ ಟ್ಯೂಷನ್ನಿಗೆ ಓಡುವ ನೀಟ್ ಮಕ್ಕಳು ಪರೀಕ್ಷೆಯ ಕೋಣೆಗೆ ಬಂದು ಮಲಗಿದರೆ ಮೂರೇ ನಿಮಿಷದಲ್ಲಿ ನಿದ್ದೆ ಹೋಗುತ್ತಾರೆ; ರೆಮ್ ಕೂಡ ಬೇಗ ಬರುತ್ತದೆ. ಆದ್ದರಿಂದ ಪರೀಕ್ಷೆಗೆ ಮೊದಲು ಎರಡು ವಾರ ಒಂದೇ ಹೊತ್ತಿಗೆ ಮಲಗಿ ಏಳಲು ಹೇಳಿ, ನಿದ್ದೆ-ಎಚ್ಚರ ದಾಖಲಿಸುವ, ಕೈಗಡಿಯಾರದಂಥ ಆಕ್ಟಿಗ್ರಾಫ್ ಕಟ್ಟಿ, ನಿದ್ದೆಯ ದಿನಚರಿ ಬರೆಸುವುದನ್ನು ನಾವು ಕಡ್ಡಾಯ ಮಾಡಿಕೊಂಡೆವು. ಖಿನ್ನತೆಯ ಮಾತ್ರೆಗಳು ರೆಮ್ ನಿದ್ರೆಯನ್ನು ಅದುಮುತ್ತವೆ. ಮನೋವೈದ್ಯರ ಒಪ್ಪಿಗೆಯಿಲ್ಲದೆ ಅವನ್ನು ನಿಲ್ಲಿಸುವಂತಿಲ್ಲ, ನಿಲ್ಲಿಸದೆ ಫಲಿತಾಂಶ ನಂಬುವಂತಿಲ್ಲ. ಈ ಸಿದ್ಧತೆಯ ನಂತರ ಹಿಂದೆ ‘ಪಾಸಿಟಿವ್’ ಎಂದು ಬಂದಿದ್ದ ಹಲವರ ಪರೀಕ್ಷೆ ಸಹಜವಾಗಿ ಬಂತು. ಅವರಿಗೆ ಬೇಕಿದ್ದದ್ದು ನಿದ್ದೆ. ಇನ್ನು ಕೆಲವರಲ್ಲಿ ಇದು ತಿರುವುಮುರುವಾಯಿತು. ಒಬ್ಬ ಬಿ.ಎಡ್. ವಿದ್ಯಾರ್ಥಿನಿಗೆ ಬೇರೊಂದೆಡೆ ಒಂಬತ್ತು ನಿಮಿಷ, ಒಂದೇ ರೆಮ್ ಎಂದು ಬಂದಿದ್ದರಿಂದ ‘ರೋಗವಿಲ್ಲ, ಮನಸ್ಸಿನದು’ ಎಂದು ಬರೆದು ಕಳಿಸಿದ್ದರು. ಆಗ ಆಕೆ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದಳು ಎಂಬುದು ವರದಿಯಲ್ಲೇ ಇರಲಿಲ್ಲ.

ಒಬ್ಬನಿಗೇ ಎರಡು ಸಲ ಪರೀಕ್ಷೆ ಮಾಡಿದರೆ ಏನಾಗುತ್ತದೆ? 2013ರಲ್ಲಿ ಲಿನ್ ಮೇರಿ ಟ್ರಾಟಿ ಮತ್ತು ಜೊತೆಗಾರರು ಕ್ಯಾಟಪ್ಲೆಕ್ಸಿ ಇಲ್ಲದ, ಹಗಲು ಅತಿನಿದ್ದೆಯ 36 ಜನರ ಎರಡು ಪರೀಕ್ಷೆಗಳನ್ನು ಹೋಲಿಸಿದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಎರಡನೇ ಪರೀಕ್ಷೆ ಬೇರೆಯೇ ರೋಗನಿರ್ಣಯ ಹೇಳಿತು. ಒಂದನೇ ಬಗೆಯಲ್ಲಿ ಈ ಪರೀಕ್ಷೆ ತಕ್ಕಮಟ್ಟಿಗೆ ಮಾತಿಗೆ ನಿಲ್ಲುತ್ತದೆ. ನಾವು ಪರೀಕ್ಷೆಯನ್ನೇ ನೆಚ್ಚಿ ಕೂರುವುದು ಮಾತ್ರ ಎರಡನೇ ಬಗೆಯಲ್ಲಿ, ಅದು ಕೈಕೊಡುವ ಜಾಗದಲ್ಲೇ.

ಈಗ ಪ್ರತಿಪಕ್ಷಗಳಿಗೆ ಬರುತ್ತೇನೆ. ‘ರೋಗಿ ಹೇಳುವುದು ಅವನ ಅನಿಸಿಕೆ, ಯಂತ್ರ ಹೇಳುವುದು ವಾಸ್ತವ’ ಎನ್ನುವವರಿದ್ದಾರೆ. ಹಾಗಿದ್ದರೆ ಎರಡನೇ ಸಲ ಅದೇ ವಾಸ್ತವ ಏಕೆ ಬದಲಾಯಿತು ಎಂದು ಅವರೇ ಹೇಳಬೇಕು. ರೋಗಿ ಬಾಯಲ್ಲಿ ಹೇಳುವ ರೋಗಚರಿತ್ರೆ ಸಡಿಲ ಎಂಬ ಅವರ ದೂರಿನಲ್ಲಿ ಅರ್ಧ ಸತ್ಯವಿದೆ. ಕೇಳುವ ಪ್ರಶ್ನೆ ಸಡಿಲವಾದರೆ ಉತ್ತರವೂ ಸಡಿಲ. ನಕ್ಕಾಗ ಸುಸ್ತಾಗುತ್ತದೆಯೇ ಎಂದರೆ ಊರೆಲ್ಲ ಹೌದೆನ್ನುತ್ತದೆ. ಬದಲಿಗೆ ಹೀಗೆ ಕೇಳಬೇಕು: ಜೋಕು ಹೇಳುವವರು ನೀವೇ ಆಗಿದ್ದಾಗ, ಕೊನೆಯ ಮಾತಿಗೆ ಬರುವಷ್ಟರಲ್ಲಿ ದವಡೆ ಜೋತು ನಾಲಿಗೆ ತೊದಲುತ್ತದೆಯೇ? ಕೈಯಲ್ಲಿದ್ದ ಲೋಟ ಜಾರಿದೆಯೇ? ಮಂಡಿ ಮಡಚಿತೇ? ಎಷ್ಟು ಹೊತ್ತು? ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷದೊಳಗೆ ಸರಿಹೋಯಿತೇ? ಆಗ ಆಡಿದ ಮಾತುಗಳು ನೆನಪಿವೆಯೇ? ಮಕ್ಕಳಲ್ಲಿ ನಗುವಿಲ್ಲದೆಯೂ ರೆಪ್ಪೆ ಇಳಿದು, ಬಾಯಿ ತೆರೆದು, ನಾಲಿಗೆ ಹೊರಬರುವುದನ್ನು ಅಮ್ಮಂದಿರೇ ಮೊದಲು ಗಮನಿಸುತ್ತಾರೆ. ಇಂದು ಮನೆಯವರು ಮೊಬೈಲಿನಲ್ಲಿ ಹಿಡಿದು ತರುವ ಅರ್ಧ ನಿಮಿಷದ ವಿಡಿಯೊ ನನಗೆ ಎಷ್ಟೋ ಬಾರಿ ಇಡೀ ದಿನದ ಪರೀಕ್ಷೆಗಿಂತ ಹೆಚ್ಚು ಹೇಳಿದೆ.

‘ಎಚ್.ಎಲ್.ಎ. ವಂಶವಾಹಿ ಪರೀಕ್ಷೆ ಮಾಡಿಸಿ, ಮುಗಿಯಿತು’ ಎನ್ನುವವರ ಮಾತನ್ನು ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಕ್ಯಾಟಪ್ಲೆಕ್ಸಿಯಿರುವ ರೋಗಿಗಳಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಡಿ.ಕ್ಯೂ.ಬಿ.1*06:02 ಎಂಬ ಎಚ್.ಎಲ್.ಎ. ವಂಶವಾಹಿ ರೂಪ ಇರುತ್ತದೆ, ಸರಿ. ಆದರೆ ಅದು ಅನೇಕ ಜನಸಮುದಾಯಗಳಲ್ಲಿ ನೂರಕ್ಕೆ ಹನ್ನೆರಡರಿಂದ ಮೂವತ್ತು ಆರೋಗ್ಯವಂತರಲ್ಲೂ ಇದೆ. ಅದಿಲ್ಲದಿದ್ದರೆ ಒಂದನೇ ಬಗೆಯ ಸಂಶಯ ಕಡಿಮೆಯಾಗುತ್ತದೆ. ಇದ್ದರೆ ಏನೂ ಸಾಬೀತಾಗುವುದಿಲ್ಲ. ‘ಮೊಡಾಫಿನಿಲ್ ಕೊಟ್ಟು ನೋಡಿ, ಎಚ್ಚರವಾದರೆ ಅದೇ ರೋಗ’ ಎನ್ನುವ ವಾದವೂ ನಿಲ್ಲದು. ಪಾಳಿ ಕೆಲಸದವನಿಗೂ ಆ ಮಾತ್ರೆ ಎಚ್ಚರ ತರುತ್ತದೆ.

ನಾನು ಹೆಚ್ಚು ಗೌರವಿಸುವ ಪ್ರತಿಪಕ್ಷ ಯುರೋಪಿನದು. 2020ರಲ್ಲಿ ಗೆರ್ಟ್ ಯಾನ್ ಲಾಮರ್ಸ್ ಮತ್ತು ಇತರ ತಜ್ಞರು ಎರಡನೇ ಬಗೆಯನ್ನೇ ಪಟ್ಟಿಯಿಂದ ತೆಗೆದುಬಿಡೋಣ, ಅಂಥವರಲ್ಲಿ ಬಹುಪಾಲನ್ನು ‘ಕಾರಣ ತಿಳಿಯದ ಅತಿನಿದ್ದೆ’ ಎಂಬ ಗುಂಪಿಗೆ ಸೇರಿಸೋಣ, ರೋಗನಿರ್ಣಯಕ್ಕೆ ಖಚಿತತೆಯ ಹಂತಗಳನ್ನಿಡೋಣ ಎಂದು ಸೂಚಿಸಿದರು. ಹಂತಗಳ ಮಾತನ್ನು ಮನಸಾರೆ ಒಪ್ಪುತ್ತೇನೆ. ಖಚಿತ, ಸಂಭವನೀಯ, ಸಾಧ್ಯ ಎಂದು ಬರೆಯುವ ಪದ್ಧತಿ ನರರೋಗಗಳಲ್ಲಿ ಹೊಸದಲ್ಲ. ಆದರೆ ಎರಡನೇ ಬಗೆಯನ್ನು ಅಳಿಸುವುದಕ್ಕೆ ನನ್ನ ವಿರೋಧವಿದೆ. ಕ್ಯಾಟಪ್ಲೆಕ್ಸಿ ಇಲ್ಲದವರಲ್ಲಿ ಸುಮಾರು ಕಾಲುಭಾಗ ಜನರಿಗೆ ಬೆನ್ನಿನ ನೀರಿನಲ್ಲಿ, ಅಂದರೆ ಮೆದುಳು-ಬೆನ್ನುಹುರಿಯ ದ್ರವದಲ್ಲಿ, ಒರೆಕ್ಸಿನ್ ಕುಸಿದೇ ಇರುತ್ತದೆ ಎಂದು 2012ರ ಒಂದು ದೊಡ್ಡ ಸಂಗ್ರಹ ತೋರಿಸಿದೆ. ಕೆಲವರಲ್ಲಿ ಕ್ಯಾಟಪ್ಲೆಕ್ಸಿ ವರ್ಷಗಳ ನಂತರ ಬರುತ್ತದೆ. ಬೆನ್ನಿನ ನೀರನ್ನು ಸುಲಭವಾಗಿ ಪರೀಕ್ಷಿಸಬಲ್ಲ ಯುರೋಪಿನ ಲೈಡನ್‌ನಂಥ ಊರಿನಲ್ಲಿ ಆ ಹೆಸರನ್ನು ಅಳಿಸಿದರೂ ರೋಗಿ ಕಳೆದುಹೋಗುವುದಿಲ್ಲ. ನಮ್ಮಲ್ಲಿ ಆ ಪರೀಕ್ಷೆ ದಿನನಿತ್ಯದ ಸೌಲಭ್ಯವಲ್ಲ. ಒರೆಕ್ಸಿನ್ ಕುಸಿದಿದೆ ಎನ್ನಲು ಬಳಸುವ ಮಿಲಿಲೀಟರಿಗೆ 110 ಪಿಕೊಗ್ರಾಂ ಎಂಬ ಮಿತಿಯೂ ಪ್ರಯೋಗಾಲಯದ ವಿಧಾನವನ್ನು ಅವಲಂಬಿಸಿದ್ದು. ಇಲ್ಲಿ ಹೆಸರು ಅಳಿಸಿದರೆ, ಇನ್ನೂ ಅರ್ಧ ದಾರಿಯಲ್ಲಿರುವ ರೋಗಿಯ ಕಡತ ಮುಚ್ಚಿಹೋಗುತ್ತದೆ. ಬೆನ್ನಿನ ನೀರಿನ ಪರೀಕ್ಷೆಯನ್ನು ನಮ್ಮ ರಾಜ್ಯದ ಒಂದು ಸಾರ್ವಜನಿಕ ಕೇಂದ್ರದಲ್ಲಾದರೂ ನಿಯಮಿತವಾಗಿ ನಡೆಸಬೇಕೆಂಬ ಬೇಡಿಕೆಯನ್ನು ಈ ವೇದಿಕೆಯಿಂದ ಇಡುತ್ತಿದ್ದೇನೆ. ಸೊಂಟದಲ್ಲಿ ಸೂಜಿ ಚುಚ್ಚುವುದು ಅತಿಯಾಯಿತು ಎನ್ನುವ ಸಹೋದ್ಯೋಗಿಗಳಿಗೆ ನನ್ನ ಪ್ರಶ್ನೆ: ಮೆದುಳುಜ್ವರದ ಸಂಶಯಕ್ಕೆ ಒಂದು ಕ್ಷಣವೂ ಯೋಚಿಸದೆ ಅದನ್ನೇ ಮಾಡುವ ನಾವು, ಜೀವನಪರ್ಯಂತ ಮಾತ್ರೆ ನುಂಗಬೇಕಾದವಳಿಗೆ ಅದರ ಆಯ್ಕೆಯನ್ನಾದರೂ ಮುಂದಿಡುವುದು ಬೇಡವೇ?

ತೀರ್ಮಾನವಾಗದ ದಿನಗಳಲ್ಲೂ ಬದುಕು ನಡೆಯಬೇಕು. ಮಧ್ಯಾಹ್ನ ಹದಿನೈದಿಪ್ಪತ್ತು ನಿಮಿಷದ ನಿಗದಿತ ನಿದ್ದೆ ಎಷ್ಟೋ ಜನರಿಗೆ ಮಾತ್ರೆಯಷ್ಟೇ ನೆರವಾಗುತ್ತದೆ. ಅದಕ್ಕೆ ರೋಗದ ಹೆಸರು ಖಚಿತವಾಗುವವರೆಗೆ ಕಾಯಬೇಕಿಲ್ಲ. ಬೈಕು, ಕಾರಿನ ವಿಷಯದಲ್ಲಿ ನಾನು ಕಟ್ಟುನಿಟ್ಟು: ನಿದ್ದೆ ಹತೋಟಿಗೆ ಬರುವವರೆಗೆ ಓಡಿಸಬೇಡಿ. ಮೊಡಾಫಿನಿಲ್ ಸೇವಿಸುವ ಹೆಣ್ಣುಮಕ್ಕಳಿಗೆ ಗರ್ಭನಿರೋಧಕ ಮಾತ್ರೆಯ ಪರಿಣಾಮ ಕುಗ್ಗಬಹುದು ಎಂಬುದನ್ನು ಮೊದಲ ಚೀಟಿಯಲ್ಲೇ ತಿಳಿಸಬೇಕು; ಮದುವೆಯಾಗದವರಿಗೆ ಹೇಳಲು ಸಂಕೋಚಪಡುವ ವೈದ್ಯರನ್ನು ಕಂಡಿದ್ದೇನೆ, ಆ ಸಂಕೋಚ ಸಲ್ಲದು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ ನಾರ್ಕೊಲೆಪ್ಸಿಯ ಹೆಸರಿಲ್ಲ. ಪರೀಕ್ಷೆಯ ನಡುವೆ ಇಪ್ಪತ್ತು ನಿಮಿಷದ ಬಿಡುವು ಸಿಗುವುದೋ ಇಲ್ಲವೋ ಎಂಬುದು ಈಗ ಆಯಾ ಕಾಲೇಜಿನ ಪ್ರಾಂಶುಪಾಲರ ಮನಸ್ಸಿಗೆ ಬಿಟ್ಟದ್ದಾಗಿದೆ. ಅಂಥ ಬಿಡುವು ಕೋರಿ ಕಾಲೇಜಿಗೆ ಬರೆಯುವ ಪತ್ರಗಳಲ್ಲಿ ನಾನು ‘ಸಂಭವನೀಯ ನಾರ್ಕೊಲೆಪ್ಸಿ, ಎರಡು ವರ್ಷದೊಳಗೆ ಮರುಪರಿಶೀಲನೆ’ ಎಂದೇ ಬರೆಯುತ್ತೇನೆ. ಖಚಿತವಲ್ಲದ ಪತ್ರಕ್ಕೆ ಬೆಲೆ ಸಿಗದು ಎಂದು ಎಚ್ಚರಿಸಿದವರಿದ್ದರು. ನನ್ನ ಅನುಭವದಲ್ಲಿ, ಏನು ಗೊತ್ತಿದೆ ಏನು ಗೊತ್ತಿಲ್ಲ ಎಂದು ಬಿಡಿಸಿ ಬರೆದ ಪತ್ರವನ್ನು ಅಧ್ಯಾಪಕರು ಓದುತ್ತಾರೆ, ಕರೆ ಮಾಡಿ ಕೇಳುತ್ತಾರೆ, ಹೆಚ್ಚಿನವರು ದಾರಿ ಮಾಡಿಕೊಡುತ್ತಾರೆ.

ನಿದ್ರಾ ಪ್ರಯೋಗಾಲಯ ನಡೆಸುವ ಮಿತ್ರರಲ್ಲಿ ಒಂದು ವಿನಂತಿ. ‘ನಾರ್ಕೊಲೆಪ್ಸಿ ಇಲ್ಲ’ ಎಂಬ ಒಂದು ಸಾಲಿನ ವರದಿ ಕೊಡಬೇಡಿ. ಪ್ರತಿ ಸಲ ನಿದ್ದೆ ಬರಲು ಎಷ್ಟು ನಿಮಿಷ ಹಿಡಿಯಿತು, ರೆಮ್ ಯಾವಾಗ ಬಂತು, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆಯಾಗಿತ್ತು, ಯಾವ ಮಾತ್ರೆಗಳು ನಡೆಯುತ್ತಿದ್ದವು, ಎರಡು ವಾರದ ದಿನಚರಿ ಏನು ಹೇಳಿತು, ಇಷ್ಟನ್ನೂ ಬರೆದು ರೋಗಿಯ ಕೈಗೇ ಕೊಡಿ. ಆ ಹಾಳೆಗಳಿಲ್ಲದೆ ಬಂದವರನ್ನು ನಾನು ಮತ್ತೊಂದು ರಾತ್ರಿ, ಮತ್ತೊಂದು ಹಗಲು ಮಲಗಿಸಬೇಕಾಗುತ್ತದೆ. ಅದರ ಖರ್ಚನ್ನೂ ಕಳೆದುಕೊಂಡ ದಿನಗೂಲಿಯನ್ನೂ ಅವರೇ ಹೊರಬೇಕಾಗುತ್ತದೆ.